ಹೊರೆಯ ಗಾಡಿ, ವಿಹಾರದ ಗಾಡಿ

ಮುಂದೆ ಇಬ್ಬರು ಮೂವರು ಕೂರುವಷ್ಟು ಜಾಗ, ಹಿಂದೆ ತೆರೆದ ತೊಟ್ಟಿ. ಇದೇ ಪಿಕಪ್. ನಮ್ಮ ಕಡೆ ಇದು ಟೊಮ್ಯಾಟೊ ಬುಟ್ಟಿ, ಹಾಲಿನ ಕ್ಯಾನು, ಬಾಡಿಗೆ ಮನೆ ಬದಲಿಸುವವರ ಪಾತ್ರೆ ಪಗಡಗಳನ್ನು ಹೊರುವ ಗಾಡಿ. ಅಮೆರಿಕದಲ್ಲಾದರೋ ರಜೆ ಬಂತೆಂದರೆ ಇದರ ಬೆನ್ನ ಮೇಲೋ ಬಾಲಕ್ಕೋ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಕಾಡಿಗೆ, ಸರೋವರದ ದಡಕ್ಕೆ ಹೊರಡುತ್ತಾರೆ. ಹೊರೆಯ ಗಾಡಿ ವಿಹಾರದ ಗಾಡಿಯಾದ ಈ ಚರಿತ್ರೆಯ ನಡುವೆ ವಲಸೆಯದೂ ಒಂದು ಅಧ್ಯಾಯವಿದೆ. ಊರು ಬಿಟ್ಟು ಬಂದ ನಮಗೆ ಮುಖ್ಯವಾಗಿ ಕಾಣುವುದು ಅದೇ.

ಆರಂಭ ರೈತರಿಂದ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಅವರು ತಾವೇ ಮರದ ಪೆಟ್ಟಿಗೆ ಕೂರಿಸಿಕೊಳ್ಳುತ್ತಿದ್ದರು. ಇದನ್ನು ಕಂಡ ಕಂಪನಿ 1925ರಲ್ಲಿ ತಾನೇ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರತೊಡಗಿತು. ಎಂಜಿನ್ನಿನ ಬಲ ಕೇವಲ 20 ಅಶ್ವಶಕ್ತಿ.

ಅದಕ್ಕೂ ಮೊದಲೇ ಹೆನ್ರಿ ಫೋರ್ಡ್, ವಿಜ್ಞಾನಿ ಎಡಿಸನ್, ಟೈರಿನ ಫೈರ್‌ಸ್ಟೋನ್ ಮೂವರೂ ಕೂಡಿ ಬೇಸಿಗೆಯಲ್ಲಿ ಡೇರೆ ಪ್ರವಾಸ ಹೋಗುತ್ತಿದ್ದರು. ತಮ್ಮನ್ನು ಅಲೆಮಾರಿಗಳೆಂದು ಕರೆದುಕೊಂಡರೂ ಅಡುಗೆಯವರು, ಸಾಮಾನಿನ ಲಾರಿಗಳು, ಬ್ಯಾಟರಿಯ ದೀಪಗಳು ಜತೆಗಿರುತ್ತಿದ್ದವು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಇವರ ಬಿಡಾರಕ್ಕೆ ಬಂದಿದ್ದರು. ಇಂಥ ಅಲೆಮಾರಿತನ ಯಾರಿಗೆ ಬೇಡ!

ನಿಜವಾದ ಅಲೆದಾಟ ಬಂದದ್ದು 1930ರ ದಶಕದಲ್ಲಿ. ಬರ, ಧೂಳಿನ ಬಿರುಗಾಳಿ, ಸಾಲ ಇವುಗಳಿಂದ ಒಕ್ಲಹೋಮ ಮತ್ತು ಸುತ್ತಲಿನ ರಾಜ್ಯಗಳ ರೈತರು ಜಮೀನು ಕಳೆದುಕೊಂಡರು. ಹಾಸಿಗೆ, ಒಲೆ, ಅಜ್ಜಿ, ಮಕ್ಕಳು ಎಲ್ಲವನ್ನೂ ಹಳೆಯ ಗಾಡಿಗಳಿಗೆ ಹೇರಿ 66ನೇ ಹೆದ್ದಾರಿ ಹಿಡಿದು ಕ್ಯಾಲಿಫೋರ್ನಿಯಕ್ಕೆ ಹೊರಟರು. 1936ರಲ್ಲಿ ಲಾಸ್ ಏಂಜಲೀಸಿನ ಪೋಲೀಸರು ರಾಜ್ಯದ ಗಡಿಗೇ ಹೋಗಿ ನಿಂತು ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕಟ್ಟಿದರು. ಒಂದೇ ದೇಶದ ಪ್ರಜೆಗಳು ಪರರಾಗಲು ಒಂದು ರಾಜ್ಯದ ಗಡಿ ಸಾಕಾಯಿತು. ಒಳಗೆ ಸೇರಿದವರಲ್ಲಿ ಕೆಲವರಿಗೆ ಸರಕಾರದ ಕ್ಯಾಂಪುಗಳಲ್ಲಿ ಜಾಗ ಸಿಕ್ಕಿತು. ನಮ್ಮ ಕಚೇರಿಗಳಲ್ಲಿ ಕ್ಯಾಂಪ್ ಎಂದರೆ ಸಾಹೇಬರ ಪ್ರವಾಸ. ಸಿಂಧನೂರು, ಗಂಗಾವತಿ ಕಡೆ, ತುಂಗಭದ್ರಾ ಕಾಲುವೆಯ ನೀರಿಗೆ ಆಂಧ್ರದಿಂದ ಬಂದ ರೈತರು ನೆಲೆಸಿದ ಊರು. ಶಬ್ದ ಒಂದೇ, ಪಾಡು ಬೇರೆ.

ಎರಡನೆಯ ಮಹಾಯುದ್ಧದ ನಂತರ ಸಂಬಳ, ರಜೆ, ರಸ್ತೆ ಮೂರೂ ಹೆಚ್ಚಿದವು. ಮನೆಯಂಥ ಟ್ರೇಲರ್ ಎಳೆಯುವುದಕ್ಕೆ ಪಿಕಪ್ಪಿನ ಗಟ್ಟಿ ಚೌಕಟ್ಟು, ಹಿಂದಿನ ಅಚ್ಚಿನ ಬಿಗಿ ಸ್ಪ್ರಿಂಗು ಹೇಳಿ ಮಾಡಿಸಿದಂತಿದ್ದವು. ಇಲ್ಲಿಯ ಭೌತಶಾಸ್ತ್ರ ನಮ್ಮ ಗಾಡಿ ಹೊಡೆಯುವವರಿಗೆ ಹೊಸದಲ್ಲ. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಹಾಗೆಯೇ ಟ್ರೇಲರಿನ ಭಾರ ಅದರ ಅಚ್ಚಿಗಿಂತ ಹಿಂದೆ ಬಿದ್ದರೆ, ಎಳೆಯುವ ಗಾಡಿಯ ಹಿಂಗಾಲಿಯ ಮೇಲಿನ ಒತ್ತಡ ಕಡಿಮೆಯಾಗಿ, ವೇಗದಲ್ಲಿ ಟ್ರೇಲರು ಹಾವಿನಂತೆ ತೂಗಾಡಿ ಮಗುಚಲೂಬಹುದು. ಒಟ್ಟು ತೂಕದ ಹತ್ತರಿಂದ ಹದಿನೈದು ಭಾಗ, ನೂರಕ್ಕೆ, ಕೊಂಡಿಯ ಮೇಲಿರಬೇಕೆಂಬುದು ಅಲ್ಲಿಯ ವಾಡಿಕೆಯ ಲೆಕ್ಕ.

ತೊಟ್ಟಿಯ ಮೇಲೆಯೇ ಕೋಣೆ ಕೂರಿಸುವುದು ಇನ್ನೊಂದು ಬಗೆ. 1960ರಲ್ಲಿ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಹಡಗಿನ ಕ್ಯಾಬಿನ್ನಿನಂಥ ಕೋಣೆಯಿದ್ದ ಜಿಎಂಸಿ ಪಿಕಪ್ಪಿನಲ್ಲಿ, ಚಾರ್ಲಿ ಎಂಬ ನಾಯಿಯೊಂದಿಗೆ ದೇಶ ಸುತ್ತಿದರು. ಗಾಡಿಗೆ ಇಟ್ಟ ಹೆಸರು ರೋಸಿನಾಂಟೆ, ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯದು. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ಅದರಲ್ಲಿರುವುದೆಲ್ಲ ನಡೆದದ್ದೇ ಅಲ್ಲವೆಂಬ ವಾದವೂ ಆಮೇಲೆ ಎದ್ದಿತು, ಅದಿರಲಿ. ನಮಗೆ ಸೋಜಿಗವೆನಿಸುವುದು ಬೇರೆ: 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಬರೆದು, ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಲಾರಿ ಮಾಡಿಕೊಂಡು ಗುಳೆ ಹೊರಟ ಜೋಡ್ ಕುಟುಂಬವನ್ನು ಜಗತ್ತಿಗೆ ತೋರಿಸಿದವರೂ ಇವರೇ. ರೋಸಿನಾಂಟೆ ಈಗ ಅವರ ಹುಟ್ಟೂರು ಸಲೀನಾಸಿನ ವಸ್ತುಸಂಗ್ರಹಾಲಯದಲ್ಲಿದೆ. ಜೋಡ್ ಕುಟುಂಬದಂಥವರ ಗಾಡಿಗಳನ್ನು ಕಾಣಬೇಕಾದರೆ ಆ ಕಾಲದ ಛಾಯಾಚಿತ್ರಗಳಲ್ಲಿ ಹುಡುಕಬೇಕು.