ಮಲಪ್ರಭೆಯ ರೈಲು ಸೇತುವೆಗಳು ಮತ್ತು ಮುಗುಟಖಾನ ಹುಬ್ಬಳ್ಳಿ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯ ಉದ್ದ ಸುಮಾರು 304 ಕಿ.ಮೀ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಲುಮಾರ್ಗವು ಈ ನದಿಯನ್ನು ಮೇಲ್ಭಾಗದಲ್ಲಿ ಖಾನಾಪುರದ ಬಳಿ, ಕೆಳಭಾಗದಲ್ಲಿ ಹೊಳೆಆಲೂರಿನ ಬಳಿ ದಾಟಿತು. ಇವೆರಡರ ನಡುವೆ, ಧಾರವಾಡ-ಬೆಳಗಾವಿ ಹೆದ್ದಾರಿಯ ಮೇಲಿರುವ ಮುಗುಟಖಾನ ಹುಬ್ಬಳ್ಳಿಯಲ್ಲಿ, ಅಂದರೆ ಎಂ.ಕೆ. ಹುಬ್ಬಳ್ಳಿಯಲ್ಲಿ, ರೈಲು ಸೇತುವೆ ನಿರ್ಮಾಣವಾಗಲಿಲ್ಲ. ಇದರ ಕಾರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1876-78ರ ಭೀಕರ ಬರಗಾಲದ ತರುವಾಯ ಧಾನ್ಯ ಸಾಗಣೆಗೆ ರೈಲು ಅನಿವಾರ್ಯವೆಂಬ ಅಭಿಪ್ರಾಯ ಬಲಗೊಂಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಬರಪೀಡಿತ ಬಯಲುನಾಡಿನ ಹೋಟಗಿ-ಗದಗ ಮೀಟರ್ ಗೇಜ್ ಮಾರ್ಗ ಹೊಳೆಆಲೂರಿನ ಮೂಲಕ ಸಾಗಿತು. ಇನ್ನೊಂದು ಮಾರ್ಗದ ಗುರಿ ಮರ್ಮಗೋವಾ ಬಂದರು. ಅದು ಧಾರವಾಡದಿಂದ ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್‌ಗಳ ಮೂಲಕ ಘಟ್ಟವಿಳಿಯಿತು. ಬೆಳಗಾವಿಗೆ ಹೋಗುವ ಹಳಿ ಲೋಂಡಾದಿಂದಲೇ ಕವಲೊಡೆದು ಖಾನಾಪುರದಲ್ಲಿ ಮಲಪ್ರಭೆಯನ್ನು ದಾಟಿತು.

ಈ ಆಯ್ಕೆಯಲ್ಲಿ ಸೇತುವೆಯ ವೆಚ್ಚವೂ ಗಣನೀಯ. ಅಂದು ಇಂತಹ ಸೇತುವೆಗಳ ಲೋಹದ ತೊಲೆಗಳು ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಾಗಿತ್ತು. ಕಂಬಗಳ ಅಡಿಪಾಯವನ್ನು ಮಳೆಗಾಲದ ಹೊಳೆ ಇಳಿದ ತಿಂಗಳುಗಳಲ್ಲೇ ಹಾಕಬೇಕಾಗಿತ್ತು. ಬಂದರಿನ ಮಾರ್ಗ ಸಿದ್ಧವಾಗುತ್ತಿರುವಾಗ, ಕಿತ್ತೂರಿನ ದಾರಿಯಲ್ಲಿ ಅದೇ ನದಿಗೆ ಇನ್ನೊಂದು ಸೇತುವೆ ಕಟ್ಟುವುದು ಕಂಪನಿಗೆ ಲಾಭದಾಯಕವಾಗಿರಲಿಲ್ಲವೆಂದು ಊಹಿಸಬಹುದು.

ಪರಿಣಾಮವಾಗಿ ಧಾರವಾಡದಿಂದ ಬೆಳಗಾವಿಗೆ ರೈಲಿನ ದಾರಿ ಸುಮಾರು 120 ಕಿ.ಮೀ. ಆಯಿತು. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ಕಿತ್ತೂರೂ, ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಾದ ಎಂ.ಕೆ. ಹುಬ್ಬಳ್ಳಿಯೂ ಹಳಿಯಿಂದ ದೂರವುಳಿದವು. ಎತ್ತಿನ ಗಾಡಿಯ ಕಾಲದಲ್ಲಿ ಹೆದ್ದಾರಿಯ ಊರಾಗಿದ್ದುದು ರೈಲಿನ ಕಾಲದಲ್ಲಿ ಬದಿಯ ಊರಾಯಿತು.

1990ರ ದಶಕದಲ್ಲಿ ಲೋಂಡಾ-ಬೆಳಗಾವಿ ಮಾರ್ಗ ಬ್ರಾಡ್‌ಗೇಜಿಗೆ ಪರಿವರ್ತನೆಯಾಯಿತು. 1,000 ಮಿ.ಮೀ. ಅಂತರದ ಹಳಿ 1,676 ಮಿ.ಮೀ.ಗೆ ಹಿಗ್ಗಿದರೂ ನದಿ ದಾಟುವ ದಿಕ್ಕು ಬದಲಾಗಲಿಲ್ಲ. ತೊಲೆಗಳನ್ನು ಬದಲಿಸಬಹುದು, ಒಮ್ಮೆ ನಿಶ್ಚಯವಾದ ಮಾರ್ಗವನ್ನು ಬದಲಿಸುವುದು ಕಠಿಣ. ಕಿತ್ತೂರಿನ ಮೂಲಕ ಧಾರವಾಡ-ಬೆಳಗಾವಿ ನೇರ ಮಾರ್ಗಕ್ಕೆ 2020ರಲ್ಲಷ್ಟೇ ಅನುಮೋದನೆ ದೊರೆಯಿತು. ಅದರ ಉದ್ದ ಸುಮಾರು 73 ಕಿ.ಮೀ.

ಆದುದರಿಂದ ಸೇತುವೆಗಳ ಚರಿತ್ರೆಯೆಂದರೆ ಕಟ್ಟಿದವುಗಳ ಚರಿತ್ರೆಯಷ್ಟೇ ಅಲ್ಲ. ಕಟ್ಟದೆ ಬಿಟ್ಟ ಸೇತುವೆಯೂ ಒಂದು ಪ್ರದೇಶದ ಆರ್ಥಿಕ ಬದುಕನ್ನು ರೂಪಿಸುತ್ತದೆ ಎಂಬುದಕ್ಕೆ ಮಲಪ್ರಭೆಯ ಈ ದಂಡೆ ಸಾಕ್ಷಿಯಾಗಿದೆ.