ಪವಾಡದ ಎಲ್ಲೆ: ಎರಡು ಐತಿಹ್ಯಗಳು

ಸೃಷ್ಟಿನಿಯಮವನ್ನೇ ಮೀರುವ ದೈವಶಕ್ತಿಗೆ ಕಥೆಯಲ್ಲಿ ಔಚಿತ್ಯವುಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ಸೀಮೆಗಳ ಎರಡು ಐತಿಹ್ಯಗಳು ಇದಕ್ಕೆ ಉತ್ತರವೀಯುತ್ತವೆ.

ಹಿಂದೆ ಹೊನ್ನಾಳಿಗೂ ಈಗ ನ್ಯಾಮತಿಗೂ ಸೇರಿದ ತೀರ್ಥರಾಮೇಶ್ವರದಲ್ಲಿ ಶ್ರೀರಾಮನು ಶಿವಪೂಜೆಗಾಗಿ ಬಾಣದಿಂದ ನೀರನ್ನು ಚಿಮ್ಮಿಸಿದನೆಂದು ಪ್ರತೀತಿ. ಅಲ್ಲಿ ಶ್ರಮವಿಲ್ಲ, ವಿಳಂಬವಿಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕಥೆ ಬೇರೆ. ಸ್ವರ್ಗಾವತಿಯ ರಾಜಪುತ್ರಿ ಶಾಂತವ್ವೆಗೆ ಸಿದ್ಧೇಶ್ವರನೇ ಒಲಿದಿದ್ದನಂತೆ. ಆದರೂ ಕೆರೆಯು ಅವಳ ಮಾತುಮಾತ್ರದಿಂದ ಹುಟ್ಟಲಿಲ್ಲ. ಅದಕ್ಕೆ ಬೇಕಾದ ನೆಲವು ಸೂಳೆಯರದು. ಕೆರೆಗೆ ತಮ್ಮ ಹೆಸರಿಡಬೇಕೆಂಬ ಕರಾರಿನ ಮೇಲೆ ಮಾತ್ರ ಅವರು ಅದನ್ನು ಬಿಟ್ಟುಕೊಟ್ಟರು.

ಈ ಭೇದವು ಆಕಸ್ಮಿಕವಲ್ಲವೆಂದು ತೋರುತ್ತದೆ. ಅಭಿಷೇಕದ ನೀರಿಗೆ ಬಾಣವೊಂದು ಸಾಕು. ಹರಿದ್ರೆಯನ್ನು ತಡೆದು ಗದ್ದೆಗಳಿಗೆ ನೀರುಣಿಸಲು ನೆಲ, ಏರಿ, ತೂಬು, ಆಳುಗಳು ಬೇಕು. ಕೆರೆಯ ನೀರುಂಡ ಜನರು ಆ ದುಡಿಮೆಯನ್ನು ಪವಾಡಕ್ಕೆ ಒಪ್ಪಿಸಲಿಲ್ಲ. ಆದುದರಿಂದ ಪವಾಡವು ಅಸಂಗತವಲ್ಲ, ಅದಕ್ಕೊಂದು ಎಲ್ಲೆಯಿರಬೇಕು. ಆ ಎಲ್ಲೆಯಲ್ಲಿಯೇ ಇತಿಹಾಸಕಾರನಿಗೆ ಮನುಷ್ಯರು ಸಿಕ್ಕುತ್ತಾರೆ.

ಈ ಕೆರೆಗೆ ಶಾಂತಿಸಾಗರವೆಂಬ ಹೆಸರೂ ಉಂಟು. ಅದೊಂದನ್ನೇ ಉಳಿಸಿದರೆ ಮರ್ಯಾದೆ ಉಳಿದೀತು, ನೆಲ ಕೊಟ್ಟವರ ನೆನಪು ಅಳಿದೀತು.