ಹೆಸರಿನ ಚೀಟಿಯಿಲ್ಲದ ಎರಡು ಭ್ರೂಣಗಳು

ಕೋನಿಗ್ಸ್‌ಬರ್ಗಿನ ಪ್ರಾಧ್ಯಾಪಕ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ 1828ರ ತಮ್ಮ ಗ್ರಂಥದಲ್ಲಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾರೆ. ಮದ್ಯಸಾರದಲ್ಲಿ ಕಾಪಿಟ್ಟ ಎರಡು ಪುಟ್ಟ ಭ್ರೂಣಗಳಿಗೆ ಹೆಸರಿನ ಚೀಟಿ ಅಂಟಿಸಲು ಅವರು ಮರೆತಿದ್ದರು. ಅವು ಹಲ್ಲಿಯವೋ ಹಕ್ಕಿಯವೋ ಸಸ್ತನಿಯವೋ ಎಂದು ಹೇಳಲು ಅವರಿಗೇ ಸಾಧ್ಯವಾಗಲಿಲ್ಲ. ಹಿಂದಿನ ವರ್ಷವಷ್ಟೇ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದಿದ್ದ ತಜ್ಞರ ಮಾತಿದು!

ಇಷ್ಟು ಭಿನ್ನ ಪ್ರಾಣಿಗಳ ಭ್ರೂಣಗಳು ಇಷ್ಟು ಹೋಲುವುದೇಕೆ? ಅವುಗಳ ಪೂರ್ವಜರು ಒಂದೇ ಎಂಬುದಕ್ಕೆ ಇದೂ ಸಾಕ್ಷಿ ಎಂದು 1859ರಲ್ಲಿ ಡಾರ್ವಿನ್ ವಾದಿಸಿದರು. ಬೇರ್ ಮಾತ್ರ ಡಾರ್ವಿನ್ನರ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. 1874ರಲ್ಲಿ ಅರ್ನ್ಸ್ಟ್ ಹೆಕೆಲ್ ಮೀನಿನಿಂದ ಮನುಷ್ಯನವರೆಗೆ ಎಂಟು ಪ್ರಾಣಿಗಳ ಭ್ರೂಣಗಳನ್ನು ಸಾಲಾಗಿ ಚಿತ್ರಿಸಿದರು. ನಮ್ಮಲ್ಲಿ ಅನೇಕರು ಜೀವಶಾಸ್ತ್ರದ ಪುಸ್ತಕಗಳಲ್ಲಿ ಕಂಡಿರುವುದು ಈ ಚಿತ್ರದ ಪಡಿಯಚ್ಚುಗಳನ್ನೇ. ಹೆಕೆಲ್ ಹೋಲಿಕೆಯನ್ನು ಹಿಗ್ಗಿಸಿದ್ದಾರೆಂದು ಸಮಕಾಲೀನರೇ ಆಕ್ಷೇಪಿಸಿದ್ದರು. 1997ರಲ್ಲಿ ಮೈಕೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು ನಿಜವಾದ ಭ್ರೂಣಗಳ ಛಾಯಾಚಿತ್ರಗಳನ್ನೇ ಮುಂದಿಟ್ಟರು. ಚಿತ್ರ ಬಿದ್ದರೆ ವಿಕಾಸವಾದವೇ ಬಿದ್ದಂತೆ ಎಂದು ಕೆಲವರು ಸಂಭ್ರಮಿಸಿದರು. ಅದು ಅವಸರದ ತೀರ್ಪು. ಬಿದ್ದದ್ದು ಕಣ್ಣಳತೆಯ ಮೇಲಿನ ಭರವಸೆ ಮಾತ್ರ.

ಬೇರೊಂದು ಅಳತೆಗೋಲು ಅಷ್ಟರಲ್ಲಿ ಸಿದ್ಧವಾಗುತ್ತಿತ್ತು. ಹಣ್ಣುನೊಣದ ದೇಹದ ಯಾವ ಭಾಗದಲ್ಲಿ ಯಾವ ಅಂಗ ಮೂಡಬೇಕೆಂದು ನಿರ್ಧರಿಸುವ ವಂಶವಾಹಿಗಳಲ್ಲಿ ಒಂದು ಸಮಾನ ತುಣುಕಿರುವುದು 1984ರ ಹೊತ್ತಿಗೆ ತಿಳಿದುಬಂದಿತು. ಅದೇ ತುಣುಕು ಕಪ್ಪೆಯಲ್ಲಿಯೂ ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಇತ್ತು! ಮುಂದೆ ಇಡೀ ಜೀನೋಮ್‌ಗಳನ್ನೇ ಓದುವ ಕಾಲ ಬಂದಿತು.

ಟೊಮಿಸ್ಲಾವ್ ಡೊಮಜೆಟ್-ಲೊಶೊ ಮತ್ತು ಡೀಟ್‌ಹಾರ್ಡ್ ಟೌಟ್ಸ್ ಜೀಬ್ರಾ ಮೀನಿನ ಪ್ರತಿ ವಂಶವಾಹಿಗೂ ವಯಸ್ಸು ಕಟ್ಟಿದರು. ಅದರ ಬಂಧುಗಳು ಬ್ಯಾಕ್ಟೀರಿಯಾಗಳಲ್ಲಿಯೂ ದೊರೆತರೆ ಅದು ಅತಿ ಪುರಾತನ; ಮೀನುಗಳಲ್ಲಿ ಮಾತ್ರ ದೊರೆತರೆ ಈಚಿನದು. ಬಳಿಕ ಮೊಟ್ಟೆಯಿಂದ ಮುಪ್ಪಿನವರೆಗೆ ಯಾವ ಹಂತದಲ್ಲಿ ಯಾವುದು ಎಷ್ಟು ಚುರುಕಾಗಿರುತ್ತದೆಂದು ಅಳೆದರು. ಪುರಾತನ ವಂಶವಾಹಿಗಳ ಮೇಲುಗೈ ಕಂಡದ್ದು ಭ್ರೂಣದ ನಡುಹಂತದಲ್ಲಿ. 2010ರ ಡಿಸೆಂಬರಿನಲ್ಲಿ ಇದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದಾಗ, ಆರು ಜಾತಿಯ ಹಣ್ಣುನೊಣಗಳನ್ನು ಹೋಲಿಸಿದ ಮತ್ತೊಂದು ಅಧ್ಯಯನವೂ ಜೊತೆಗಿತ್ತು. ಅಲ್ಲಿಯೂ ವ್ಯತ್ಯಾಸ ಅತಿ ಕಡಿಮೆಯಿದ್ದುದು ನಡುವಿನಲ್ಲಿಯೇ. ಎರಡು ತುದಿ ಅಗಲ, ನಡು ಕಿರಿದು: ವಿಜ್ಞಾನಿಗಳು ಇದನ್ನು ಮರಳುಗಡಿಯಾರ ಎನ್ನುತ್ತಾರೆ, ನಾವು ಡಮರು ಎನ್ನಬಹುದು. ಬೇರ್ ತಿಳಿದಂತೆ ಹೋಲಿಕೆ ಮೊದಲ ಹಂತದಲ್ಲಿ ಅತ್ಯಧಿಕವಲ್ಲ. ಆದರೆ ಆ ಎರಡು ಭ್ರೂಣಗಳು ಅವರನ್ನು ಕಂಗೆಡಿಸಿದ್ದಕ್ಕೆ 182 ವರ್ಷಗಳ ಬಳಿಕ ಲೆಕ್ಕದ ಆಧಾರ ದೊರೆಯಿತು.

2012ರಲ್ಲಿ ಸಾಸಿವೆಯ ಕುಲದ ಅರಬಿಡಾಪ್ಸಿಸ್ ಎಂಬ ಗಿಡದ ಭ್ರೂಣದಲ್ಲಿಯೂ ಇದೇ ಡಮರು ಕಂಡಿತು. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರು ಆರ್ಕಿಡ್‌ಗಳ ಭ್ರೂಣಗಳನ್ನು ಅಧ್ಯಯನ ಮಾಡಿದವರೆಂಬುದನ್ನು ಕನ್ನಡಿಗರು ಇಲ್ಲಿ ನೆನೆಯಬಹುದು.

ಆದರೆ 2016ರಲ್ಲಿ ಹತ್ತು ದೂರದ ಪ್ರಾಣಿವರ್ಗಗಳಿಂದ ಒಂದೊಂದು ಪ್ರಾಣಿಯನ್ನು ಆರಿಸಿ ಹೋಲಿಸಿದಾಗ ಚಿತ್ರ ತಲೆಕೆಳಗಾಯಿತು: ಅಲ್ಲಿ ಅತಿ ಹೆಚ್ಚಿನ ವ್ಯತ್ಯಾಸ ತೋರಿದ್ದು ಆ ನಡುಹಂತವೇ.